ಬೊಳ್ಳಿಯ ಪಕ್ಕದಲ್ಲಿ ಎಷ್ಟು?

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ. ಮದುವೆ ಇಲ್ಲವೆಂದರೆ ಉದ್ಯಾವರದಲ್ಲಿ ಸ್ಟುಡಿಯೋ ಇಟ್ಟುಕೊಂಡ ನನ್ನಂಥವನಿಗೆ ನೊಣ ಹೊಡೆಯುವ ಕೆಲಸ. ಮುಂಜಾನೆ ಶುಕ್ರನೂ ಗುರುವೂ ತೀರಾ ಹತ್ತಿರ ಬರುತ್ತವೆ, ಎರಡೂ ಜೋಡಿಯಾಗಿ ಕಾಣುತ್ತವೆ ಎಂದು ಪೇಪರಿನಲ್ಲಿ ಓದಿದಾಗ, ಮದುಮಕ್ಕಳ ಫೋಟೋ ಸಿಗದಿದ್ದರೆ ಈ ಜೋಡಿಯದ್ದಾದರೂ ಆಗಲಿ ಎಂದುಕೊಂಡೆ.

ಚಿಕ್ಕಪ್ಪನೂ ಬರುತ್ತೇನೆಂದರು. ಅವರು ಮೀನುಗಾರಿಕೆ ಬೋಟಿನ ತಾಂಡೇಲ. ಚುಕ್ಕಾಣಿ ಅವರ ಕೈಯಲ್ಲಿ, ಬೋಟಿನಲ್ಲಿರುವವರ ಜೀವವೂ ಅವರ ಕೈಯಲ್ಲಿ. ಮಳೆಗಾಲದ ರಜೆ ಮುಗಿದು ಇನ್ನೆರಡು ದಿನದಲ್ಲಿ ಬೋಟು ಹೊರಡುವುದಿತ್ತು. ಚಿಕ್ಕಮ್ಮನಿಗೆ ಮಾತ್ರ ಅವರ ಕಣ್ಣಿನ ಮೇಲೆ ಅನುಮಾನ. ಸಾರನ್ನು ಬಟ್ಟಲಿನ ಹೊರಗೆ ಸುರಿದುಕೊಳ್ಳುತ್ತಾರೆ, ಮಣಿಪಾಲದ ಆಸ್ಪತ್ರೆಗೆ ಹೋಗಿ ತೋರಿಸಿ ಎಂದರೆ ಹಾರಿ ಬೀಳುತ್ತಾರೆ ಎಂದು ನನ್ನಲ್ಲಿ ದೂರಿದ್ದರು. "ನನ್ನ ಕಣ್ಣಿಗೆ ಎಂತ ಆಗಿದೆ?" ಎಂಬುದೊಂದೇ ಚಿಕ್ಕಪ್ಪನ ಉತ್ತರ. ಚಿಕ್ಕಮ್ಮ ಸುಮ್ಮನೆ ಹೆದರುತ್ತಾರೆಂದು ನಾನೂ ನಕ್ಕುಬಿಟ್ಟಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ಐದಕ್ಕೆ ಕಾಪುವಿನ ಕಡಲ ತೀರದಲ್ಲಿದ್ದೆವು. ಮಳೆ ಆಗಷ್ಟೇ ನಿಂತಿತ್ತು. ಟ್ರೈಪಾಡ್ ಊರಿ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಸಿ ಹತ್ತು ನಿಮಿಷ ಕಾದೆ. ನೀರಿನ ಮೇಲೆ ಬರೀ ಮೋಡ. ಮಳೆಗೂ ಪೇಪರಿನವರಿಗೂ ಬಾಯಿಗೆ ಬಂದಂತೆ ಬೈದೆ.

"ಅಲ್ಲಿ ಎಂತ ಹುಡುಕುವುದು ನೀನು?" ಚಿಕ್ಕಪ್ಪ ಕೇಳಿದರು.

"ಶುಕ್ರನನ್ನು."

"ಬೊಳ್ಳಿಯನ್ನಾ?" ತುಳುವಿನಲ್ಲಿ ಶುಕ್ರನಿಗೆ ನಾವು ಹಾಗೆಯೇ ಹೇಳುವುದು, ಬೆಳ್ಳಿ ಎಂದು. "ಬೆಳಿಗ್ಗೆಯ ಬೊಳ್ಳಿ ಕಡಲಲ್ಲಿ ಮೂಡುವುದುಂಟಾ ಮಾರಾಯ? ಅದನ್ನು ಎದುರಿಗಿಟ್ಟುಕೊಂಡೇ ನಾವು ಊರಿಗೆ ಬರುವುದು. ತಿರುಗಿ ನಿಲ್ಲು."

ಇಪ್ಪತ್ತು ವರ್ಷ ಇದೇ ಮರಳಿನಲ್ಲಿ ಮದುಮಕ್ಕಳನ್ನು ಮುಳುಗುವ ಸೂರ್ಯನೆದುರು ನಿಲ್ಲಿಸಿದವನು ನಾನು. ಆಕಾಶದ ಫೋಟೋ ಎಂದರೆ ಕಾಲು ತಾನಾಗಿ ಪಡುವಣಕ್ಕೆ ತಿರುಗುತ್ತದೆ. ನಾಚಿಕೆಯಾಯಿತು. ಇಷ್ಟು ಚೆನ್ನಾಗಿ ದಿಕ್ಕು ತಿಳಿದವರ ಕಣ್ಣಿಗೆ ಏನಾಗಿರಲು ಸಾಧ್ಯ ಎಂದು ಖುಷಿಯೂ ಆಯಿತು. ಮೂಡಣದಲ್ಲಿ ತೆಂಗಿನ ಮರಗಳು ಅಡ್ಡ ಇದ್ದವು. ಬೈಕಿನಲ್ಲಿ ಇನ್ನಂಜೆಗೆ ಹೋಗಿ ಎರಡು ಗದ್ದೆಗಳ ನಡುವಿನ ಹುಣಿಯ ಮೇಲೆ ನಿಂತೆವು.

ಕಾರ್ಕಳದ ಕಡೆ ಮೋಡ ಬಿರಿಯಿತು. ಮೊದಲು ಬೆಳ್ಳಿ ಕಂಡಿತು, ಆಮೇಲೆ ಪಕ್ಕದಲ್ಲೇ ತುಸು ಮಂಕಾದ ಗುರು. ಕೈ ಚಾಚಿ ಹಿಡಿದರೆ ನಡುವೆ ಕಿರುಬೆರಳಿನಷ್ಟೇ ಜಾಗ. ಎಷ್ಟೋ ಸಾವಿರ ಜೋಡಿಗಳ ಫೋಟೋ ತೆಗೆದವನ ಎದೆ ಅಂದು ಹೊಸಬನ ಹಾಗೆ ಹೊಡೆದುಕೊಳ್ಳುತ್ತಿತ್ತು. ಐದಾರು ಸಲ ಕ್ಲಿಕ್ಕಿಸಿದೆ.

"ಕಂಡಿತಾ ಚಿಕ್ಕಪ್ಪ?"

"ಕಾಣ್ತದೆ." ನನ್ನ ಕಡೆ ತಿರುಗಿ ಕೇಳಿದರು, "ನಿನಗೆ ಎಷ್ಟು ಕಾಣ್ತದೆ?"

"ಎರಡು. ನಿಮಗೆ?"

ಅವರು ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ಎರಡನ್ನೂ ತೆರೆದರು.

"ನಾಲ್ಕು."

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಫೋಟೋ ತೋರಿಸು ಎಂದು ಕ್ಯಾಮೆರಾದ ಸ್ಕ್ರೀನಿಗೆ ಮುಖ ತಂದು, ಒಂದೊಂದೇ ಬೆಳಕಿನ ಮೇಲೆ ಬೆರಳಿಟ್ಟು ಎಣಿಸಿದರು.

"ಇದರಲ್ಲಿಯೂ ನಾಲ್ಕೇ," ಎಂದರು. "ಎಲ್ಲ ಎರಡೆರಡು ಕಾಣಲು ಸುರುವಾಗಿ ಎರಡು ತಿಂಗಳಾಯಿತು. ಬಂದರಿನ ದೀಪ ಜೋಡಿ ಕಂಡರೆ ನೀರಿನ ನೆರಳು ಅಂತ ಹೇಳಿಕೊಂಡೆ. ಇಲ್ಲಿ ಎಷ್ಟು ಅಂತ ಪೇಪರಿನಲ್ಲೇ ಬಂದಿದೆ, ಅಲ್ವಾ? ಎರಡೇ ಕಂಡರೆ ಬೋಟಿಗೆ ಹೋಗುವ ಅಂತ ಇದ್ದೆ."

ಅವರು ಬಂದದ್ದು ಫೋಟೋ ನೋಡಲಿಕ್ಕಲ್ಲ, ತಮ್ಮ ಕಣ್ಣನ್ನು ತಾವೇ ಪರೀಕ್ಷೆ ಮಾಡಿಕೊಳ್ಳಲು. ಚಿಕ್ಕಮ್ಮನಿಗೂ ಸೊಪ್ಪು ಹಾಕದ ಮನುಷ್ಯ ಬೊಳ್ಳಿಯ ಮಾತಿಗೆ ಮಾತ್ರ ತಲೆಬಾಗಿದ್ದರು.

ಮೋಡ ಮತ್ತೆ ಮುಚ್ಚಿಕೊಂಡಿತು. ಟ್ರೈಪಾಡ್ ಮಡಚಿ ಬೈಕ್ ಸ್ಟಾರ್ಟ್ ಮಾಡಿದೆ. ಚಿಕ್ಕಪ್ಪ ಹಿಂದೆ ಕುಳಿತು ನನ್ನ ಹೆಗಲು ಹಿಡಿದುಕೊಂಡರು.

"ಮಣಿಪಾಲಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ ಉಂಟು?" ಎಂದು ಕೇಳಿದರು.