ಬಾಗಿಲಿಗೆ ಅಂಟದ ಬೋರ್ಡು

ಅಯಸ್ಕಾಂತ ತಗಡಿಗೆ ಅಂಟುತ್ತದೆ. ಪ್ರೈಮರಿ ಸ್ಕೂಲಿನ ಪಾಠ. ಹಾಗಾದರೆ ಕಳೆದ ವಾರ ನಮ್ಮ ವ್ಯಾನಿನ ಬಾಗಿಲಿಗೆ ಯಾಕೆ ಅಂಟಲಿಲ್ಲ?

ಮೊದಲಿಂದ ಹೇಳುತ್ತೇನೆ. ನನ್ನ ಹೆಂಡತಿ ವಸಂತಾ ಅರಸೀಕೆರೆಯ ನಮ್ಮ ಮನೆಯಲ್ಲೇ ಕೊಬ್ಬರಿ ಮಿಠಾಯಿ ಮಾಡಿ ಹಳೇಬೀಡು, ಬೇಲೂರಿನ ಅಂಗಡಿಗಳಿಗೆ ಕೊಡುತ್ತಾಳೆ. ಬಸ್ಸಿನಲ್ಲಿ ಡಬ್ಬ ಹೊತ್ತು ಸಾಕಾಗಿ, ಈಚೆಗೆ ಬೇಲೂರಿನಲ್ಲಿರುವ ಅವಳ ಅಣ್ಣ ರಮೇಶನ ಹಳೆಯ ವ್ಯಾನ್ ಕೊಂಡಳು. ಓಡಿಸುವುದೂ ಅವಳೇ. (ನನಗೆ ಸ್ಕೂಟರೇ ಹೆಚ್ಚು.) "ಅಮ್ಮನಾಣೆ, ಒಂದು ಗೀರೂ ಬಿದ್ದಿಲ್ಲ ಕಣೇ" ಎಂದಿದ್ದ ರಮೇಶ. ಒಡಹುಟ್ಟಿದವನ ಮಾತು. ಇನ್ನೇನು ನೋಡುವುದು?

ವ್ಯಾನಿಗೊಂದು ಹೆಸರು ಬೇಕಿತ್ತು. ಆದರೆ ನಮ್ಮ ಮಗಳು, "ಮಿಠಾಯಿ ಗಾಡೀಲಿ ನಾನು ಸ್ಕೂಲಿಗೆ ಹೋಗಲ್ಲ" ಎಂದು ಹಟ ಹಿಡಿದಳು. ಅದಕ್ಕೇ ಮ್ಯಾಗ್ನೆಟ್ ಬೋರ್ಡು. ಬೇಕಾದಾಗ ಬಾಗಿಲಿಗೆ ಹಚ್ಚು, ಬೇಡವಾದಾಗ ಕಿತ್ತು ಒಳಗಿಡು.

ಬಸ್ ಸ್ಟ್ಯಾಂಡ್ ಹತ್ತಿರ ಸ್ಟಿಕರ್ ಅಂಗಡಿ ಇಟ್ಟಿರುವ ಲೋಕೇಶ 'ವಸಂತಾ ಕೊಬ್ಬರಿ ಮಿಠಾಯಿ' ಅಂತ ಅಕ್ಷರ ಕತ್ತರಿಸಿದ. ಮ್ಯಾಗ್ನೆಟ್ ಹಾಳೆಗೆ ಪೆನ್ಸಿಲಿನಲ್ಲಿ ನಡುಗೆರೆ ಎಳೆದು ಸ್ಟಿಕರ್ ಇಟ್ಟ.

"ಅಕ್ಷರ ಮೇಲೆ ಹೋಯ್ತಲ್ಲ?" ಎಂದಳು ವಸಂತಾ.

"ಸ್ಕೇಲ್ ಇಟ್ಟೇ ನೋಡಿದೀನಿ ಮೇಡಂ. ಕರೆಕ್ಟ್ ಸೆಂಟರ್."

"ಒತ್ತಕ್ಷರಾನೂ ಸೇರಿಸಿ ಅಳೆದಿದೀರ. ಕೊಬ್ಬರಿಯ ಒತ್ತು ಕೆಳಗೆ ನೇತಾಡ್ತಿದೆ, ನೋಡಿ. ಅದನ್ನ ಬಿಟ್ಟು ಅಳೀರಿ."

ಲೋಕೇಶ ನಗುತ್ತಾ ತುಸು ಕೆಳಗಿಳಿಸಿದ. ಈಗ ಕಣ್ಣಿಗೆ ಸರಿಯಾಯಿತು. ಮಧ್ಯಕ್ಕೆ ಟೇಪ್ ಹಾಕಿ, ಹಿಂದಿನ ಪೇಪರ್ ಅರ್ಧರ್ಧ ಬಿಡಿಸುತ್ತಾ, ಗುಳ್ಳೆ ಏಳದಂತೆ ಒತ್ತಿದ. ಎರಡು ಬೋರ್ಡು ರೆಡಿ.

ಅಂಗಡಿ ಮುಂದೆ ನಿಂತಿದ್ದ ವ್ಯಾನಿನ ಎಡಬಾಗಿಲಿಗೆ ಹಿಡಿದರೆ ಟಪ್ ಅಂತ ಕಚ್ಚಿಕೊಂಡಿತು. ಬಲಬಾಗಿಲಿನ ನಡುವೆ ಹಿಡಿದರೆ? ಜಾರಿ ರಸ್ತೆಗೆ ಬಿತ್ತು.

ಬೋರ್ಡು ಅದಲು ಬದಲು ಮಾಡಿದ. ಅದೂ ಬಿತ್ತು. ಲೋಕೇಶ ಬಾಗಿಲನ್ನು ಬೆರಳಿನಿಂದ ಕುಟ್ಟಿದ. ಅವನ ನಗು ನಿಂತಿತು.

"ಮೇಡಂ, ಇಲ್ಲಿ ಮೇಲೆಲ್ಲ ತಗಡಿಲ್ಲ. ಪುಟ್ಟಿ ಮೆತ್ತಿ ಪೇಂಟ್ ಹೊಡೆದವ್ರೆ. ಗಾಡಿಗೆ ಜೋರಾಗಿ ಏಟು ಬಿದ್ದೈತೆ."

ವಸಂತಾ ಬೋರ್ಡನ್ನು ತಾನೇ ತೆಗೆದುಕೊಂಡು ಬಾಗಿಲ ಉದ್ದಕ್ಕೂ, ಅದರ ಹಿಂದಕ್ಕೂ ಒತ್ತುತ್ತಾ ಹೋದಳು. ಮಗಳು ಕೂರುವ ಹಿಂದಿನ ಸೀಟಿನವರೆಗೂ ಅದು ಎಲ್ಲೂ ಸರಿಯಾಗಿ ಹಿಡಿಯಲಿಲ್ಲ.

ನೇರ ಬೇಲೂರಿಗೆ ಹೊರಟೆವು. (ಅದೇ ವ್ಯಾನಿನಲ್ಲಲ್ಲ, ಬಸ್ಸಿನಲ್ಲಿ.)

"ಸ್ವಲ್ಪ ಟಿಂಕರಿಂಗ್ ಮಾಡ್ಸಿದ್ದೆ. ಗಾಡಿ ಚೆನ್ನಾಗೇ ಓಡ್ತೈತಲ್ಲ, ಅದೇನ್ ದೊಡ್ಡ ವಿಷ್ಯ?" ಎಂದ ರಮೇಶ.

ಅವನ ಹೆಂಡತಿಗೆ ತಡೆಯಲಾಗಲಿಲ್ಲ. "ಸ್ವಲ್ಪಾನಾ? ಗೆಂಡೆಹಳ್ಳಿ ಹತ್ರ ಲಾರಿ ಗುದ್ದಿ, ಆವತ್ತು ನಮ್ಮ ಗಾಡಿ ಓಡಿಸ್ತಿದ್ದ ಡ್ರೈವರ್ ಕಾಲೇ ತೆಗೀಬೇಕಾಯ್ತಲ್ರೀ!"

ಡ್ರೈವರ್ ಕಾಲು. ಈಗ ಅದೇ ಸೀಟಿನಲ್ಲಿ ಕೂರುವವಳು ರಮೇಶನ ತಂಗಿ.

"ಯಾಕಣ್ಣ ಹೇಳಲಿಲ್ಲ?" ಎಂದಳು ವಸಂತಾ.

"ಹೇಳಿದ್ರೆ ನೀನು ತಗೋತಿದ್ಯಾ?"

ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಇರಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಸರಿಯುತ್ತರ ಹೇಳಿದವನ ಹಾಗಿದ್ದ. ಸುಳ್ಳಿಗಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಅದು.

ಸಂತೆಯಲ್ಲಿ ಒಂದು ತೆಂಗಿನಕಾಯಿ ಕೊಂಡರೂ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಒಡಹುಟ್ಟಿದವರ ಹತ್ತಿರ? ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸುತ್ತೇನೆ ಎಂದರೂ ಮನಸ್ತಾಪ. ಆ ಸಂಕೋಚವೇ ಅವರಿಗೆ ಎಷ್ಟು ಅನುಕೂಲ, ಅಲ್ಲವೇ?

ಹೆಂಡತಿಯ ಬಾಯಿಗೆ ಹೆದರಿ ರಮೇಶ ವ್ಯಾನ್ ವಾಪಸ್ ತೆಗೆದುಕೊಂಡ. ಮೊನ್ನೆ ಫೋನ್ ಮಾಡಿದ. ಖುಷಿಯಲ್ಲಿದ್ದ. ಗಂಡಸಿ ಊರಿನವರು ಯಾರೋ ಗಾಡಿ ಒಪ್ಪಿಕೊಂಡಿದ್ದಾರಂತೆ.

"ಆಕ್ಸಿಡೆಂಟ್ ವಿಷಯ ಅವರಿಗೆ ಹೇಳಿದ್ಯಾ?" ಎಂದಳು ವಸಂತಾ.

"ಅವ್ರೇನ್ ನಮ್ಮೋರಾ? ಬಿಡು ಅತ್ಲಾಗೆ."

ಅವಳು ಕೊಳ್ಳುವವರ ಹೆಸರಷ್ಟೇ ಕೇಳಿಕೊಂಡು ಫೋನ್ ಇಟ್ಟಳು. ನಿನ್ನೆ ಬೆಳಿಗ್ಗೆ ಗಂಡಸಿ ಬಸ್ಸು ಹತ್ತಿ, ಅವರ ಮನೆ ಹುಡುಕಿ, ಎಲ್ಲವನ್ನೂ ಹೇಳಿ ಬಂದಳು. ಅಣ್ಣ ಈಗ ಮಾತು ಬಿಟ್ಟಿದ್ದಾನೆ.

ಗಂಡಸಿಯವರು ಅವನಿಗೆ 'ನಮ್ಮೋರಲ್ಲ', ಸರಿ. ಹಾಗಾದರೆ ನಾವು ಯಾರಾಗಿದ್ದೆವು?