ಎಲ್ಲರಿಗೂ ಒಂದೇ ಕಾಟಾ

ತಪ್ಪು ನನ್ನದೇ. ಮೊದಲೇ ಹೇಳಿಬಿಟ್ಟರೆ ಕಂಡುಹಿಡಿಯುವ ಶ್ರಮ ನಿಮಗೆ ತಪ್ಪುತ್ತದೆ. ಇವತ್ತು ಚಪ್ಪಲಿ ಝಾಡಿಸುವಾಗ ಸಂಡೂರಿನ ಕೆಂಪು ಧೂಳು ಉದುರಿ, ಎಲ್ಲ ನೆನಪಾಯಿತು.

ಹೊಸಪೇಟೆಯ ನಮ್ಮ ಪುಟ್ಟ ಆಫೀಸಿನಲ್ಲಿ, ಅದಿರಿನ ಲಾರಿ ತೂಗುವ ಕಾಟಾಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಬರೆದದ್ದು ಸರಿಯಿದೆಯೇ ಎಂದು ನೋಡಲು ಸಣ್ಣ ಸಣ್ಣ ಟೆಸ್ಟುಗಳಿರುತ್ತವೆ. ಪ್ರತಿ ಟೆಸ್ಟಿಗೂ ಸೊನ್ನೆಯಲ್ಲಿ ನಿಂತ, ಕಂಪ್ಯೂಟರಿನೊಳಗಷ್ಟೇ ಇರುವ ಒಂದು ಸುಳ್ಳು ಕಾಟಾ ಬೇಕು. ಪ್ರತಿ ಸಲ ಹೊಸದೇಕೆ ಎಂದು ನಾನು ಒಂದನ್ನೇ ಮಾಡಿ ಎಲ್ಲಕ್ಕೂ ಹಂಚಿಬಿಟ್ಟೆ. ಪಂಕ್ತಿ ಎದ್ದ ಮೇಲೂ ಅದೇ ಎಲೆಯಲ್ಲಿ ಮುಂದಿನವರಿಗೆ ಬಡಿಸಿದ ಹಾಗೆ. ಆಗ ಅದು ನನಗೆ ಜಾಣತನ ಅನಿಸಿತ್ತು.

ಬುಕ್ಕಸಾಗರದಿಂದ ಬರುವ ರೇಣುಕಾ ಹೊಸಬಳು. ಕೆಲಸ ಖಾಯಂ ಆಗುವ ತಿಂಗಳು ಅದು. ಅವಳ ಟೆಸ್ಟ್ ಸೇರಿದ ದಿನವೇ ಪರದೆಯೆಲ್ಲ ಕೆಂಪು. ಅವಳದರ ನಂತರ ಓಡಿದ್ದೆಲ್ಲ ಫೇಲ್.

"ಒಂದೊಂದ ಓಡಿಸಿದ್ರ ಎಲ್ಲಾ ಪಾಸ್ ಆಗ್ತಾವ್ರಿ" ಎಂದಳು. ಚಹಾದ ಹೊತ್ತಿಗೆ ನಾನು ಅದನ್ನೇ ಅವಳ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮೊದಲ ಸಲ ಅವಳೂ ನಕ್ಕಳು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, "ಈಕಿನ್ನ ಖಾಯಂ ಮಾಡೋದು ಕಷ್ಟ ಐತಲೇ" ಎಂದಾಗ ಮಾತ್ರ ಯಾರ ದನಿಯೂ ಬಾಯಿಗೆ ಬರಲಿಲ್ಲ.

ಅದೇ ವಾರ ನಾವಿಬ್ಬರೂ ಕುರೆಕುಪ್ಪದ ಹತ್ತಿರದ ಕಾಟಾಕ್ಕೆ ಹೋದೆವು. ಅಲ್ಲಿ ತೂಗುವವರು ಹುಲಗಪ್ಪ. ಒಂದೊಂದು ಲಾರಿ ಇಳಿದ ಮೇಲೂ ಉದುರಿದ ಮಣ್ಣು ಗುಡಿಸಿ, ಸೊನ್ನೆ ಬಂತೇ ನೋಡಿ, ಆಮೇಲೆ ಮುಂದಿನದನ್ನು ಕರೆಯುವರು. ಒಮ್ಮೆ ಎಷ್ಟು ಗುಡಿಸಿದರೂ ಸೊನ್ನೆ ಬರಲಿಲ್ಲ. ಕೈ ಎತ್ತಿ ಇಡೀ ಸಾಲನ್ನೇ ನಿಲ್ಲಿಸಿದರು.

"ಅಣ್ಣಾ, ಜಲ್ದಿ ಬಿಡೋ!" ಎಂದು ಸಾಲಿನಲ್ಲಿದ್ದ ಒಬ್ಬ ಡ್ರೈವರ್ ಕೂಗಿದ.

"ಜೀರೋನ ಬಂದಿಲ್ಲ. ಈಗ ತೂಗಿದ್ದೆಲ್ಲಾ ಸುಳ್ಳ ಆಗ್ತೈತಿ. ಸುಮ್ನ ಕುಂದ್ರು."

ರೇಣುಕಾ ನನ್ನ ಕಡೆ ತಿರುಗಿದಳು. ಆಗ ನನಗೂ ಹೊಳೆಯಿತು, ನಮ್ಮ ಟೆಸ್ಟುಗಳಲ್ಲಿ ಆದದ್ದೂ ಇದೇ. ನಾನು ಹಂಚಿದ ಕಾಟಾದ ಮೇಲೆ ಅವಳ ಟೆಸ್ಟಿನ ಲಾರಿ ಇನ್ನೂ ನಿಂತೇ ಇತ್ತು; ಇಳಿಸಿ ಗುಡಿಸುವ ಏರ್ಪಾಡನ್ನೇ ನಾನು ಮಾಡಿರಲಿಲ್ಲ.

ಆಫೀಸಿಗೆ ಬಂದವನೇ ಪ್ರತಿ ಟೆಸ್ಟಿಗೂ ಹೊಸ ಕಾಟಾ ಕೊಟ್ಟೆ. ಸೊನ್ನೆಯೇ ಬಾರದಿದ್ದರೆ ಉಳಿದವು ಓಡದೆ ಅಲ್ಲೇ ನಿಲ್ಲುವಂತೆಯೂ ಮಾಡಿದೆ. ಪರದೆ ತುಂಬ ಕೆಂಪು ನೋಡಿ ಹೆದರುವ ಬದಲು, ಕೆಟ್ಟ ಒಂದನ್ನು ನೋಡಿದರಾಯಿತು.

ಈಗ ರೇಣುಕಾ ಖಾಯಂ. ನನ್ನ ಟೆಸ್ಟುಗಳನ್ನು ತಪಾಸಣೆ ಮಾಡುವವಳೂ ಅವಳೇ. ಆದರೆ ಟೆಸ್ಟು ಸರಿಮಾಡಿದ ಅಂದು, ರೇಣುಕಾಳ ಎದುರೇ, ಮ್ಯಾನೇಜರ್ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತಲ್ಲ? ಮೊದಲು ಹುಲಗಪ್ಪನವರ ದನಿಯಲ್ಲಿ ಶುರು ಮಾಡಿದೆ, ಆಮೇಲೆ ಡ್ರೈವರ್ ದನಿಯಲ್ಲಿ. ಮ್ಯಾನೇಜರ್ ಹೊಟ್ಟೆ ಹಿಡಿದು ನಕ್ಕರು. ರೇಣುಕಾ ನಗಲಿಲ್ಲ.

"ಎಲ್ಲಾರ ದನಿ ಆತ್ರಿ. ತಪ್ಪು ನಿಮ್ದು, ನಿಮ್ಮ ದನಿಯಾಗ ಹೇಳ್ರಿ."