ಒಂದು ಉಂಗುರ ಹೆಚ್ಚು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಲಾ ಕ್ರಿಸ್ತಲಿನಾ ತೊರೆಯ ನಡುವೆ, ಮೊಣಕಾಲುದ್ದದ ನೀರಿನಲ್ಲಿ, ನೂಬಿಯಾ ಗ್ರಹಾಲೆಸ್ ಬಲೆ ಹಿಡಿದು ನಿಂತಿದ್ದಾರೆ. ಬಲೆಯ ಬಾಯಿ ನೀರು ಬರುವ ಕಡೆಗಿದೆ. ಬೂಟಿನ ತುದಿಯಿಂದ ಅವರು ಕಲ್ಲುಗಳನ್ನು ಕದಲಿಸುತ್ತಾರೆ. ಕಲ್ಲಿನಡಿ ಅವಿತಿದ್ದ ಸಣ್ಣ ಜೀವಗಳು ನೀರಿನೊಡನೆ ಹರಿದು ಬಲೆಗೆ ಬೀಳುತ್ತವೆ. ತುಟಿ ಅಲುಗುತ್ತಲೇ ಇದೆ. ಹತ್ತು ಸಲ 'ನಮೋ ಮರಿಯಾ' ಹೇಳಿ ಮುಗಿಯುವವರೆಗೆ ಒಂದು ಜಾಗ, ಆಮೇಲೆ ಮುಂದಿನ ಜಾಗ. ಕೈಗಡಿಯಾರ ಇದೇ ತೊರೆಗೆ ಬಿದ್ದು ಹಾಳಾದ ವರ್ಷದಿಂದ ಜಪವೇ ಅವರ ಗಡಿಯಾರ. ಎಲ್ಲ ಜಾಗಕ್ಕೂ ಒಂದೇ ಅಳತೆಯ ಹೊತ್ತು ಸಿಗಬೇಕು, ಇಲ್ಲವಾದರೆ ಲೆಕ್ಕ ಸುಳ್ಳಾಗುತ್ತದೆ.

ದಡದ ಬಿದಿರಿನ ಮರೆಯಲ್ಲಿ ಕಾಫಿ ಬೆಳೆಗಾರ ಎವೆಲಿಯೊ, ಊರವರು ಗೌರವದಿಂದ ಕರೆಯುವಂತೆ ಡಾನ್ ಎವೆಲಿಯೊ, ಸೊಂಟದಲ್ಲಿ ಮಚ್ಚು ಸಿಕ್ಕಿಸಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ.

"ಏನು ಸಿಕ್ತು ಇವತ್ತು?"

"ಹುಳ, ಡಾನ್ ಎವೆಲಿಯೊ."

"ಹನ್ನೊಂದು ವರ್ಷದಿಂದ ಹುಳ ಅಂತಲೇ ಹೇಳ್ತಿದೀರಿ. ಹುಳಕ್ಕೋಸ್ಕರ ಯಾರಾದ್ರೂ ಇಷ್ಟು ಬೆಳಿಗ್ಗೆ ಎದ್ದು ಬರ್ತಾರಾ?"

"ನೀವು ಬರ್ತೀರಲ್ಲ, ನನ್ನ ನೋಡೋಕೆ."

"ನಿಮ್ಮನ್ನ ನೋಡೋಕಲ್ಲ. ನಿಮ್ಮ ಹಿಂದೆ ಯಾರು ಬರ್ತಾರೆ ಅಂತ ನೋಡೋಕೆ."

ಮೊದಲ ವರ್ಷ ಊರವರು ಇವರು ಚಿನ್ನ ಹುಡುಕುತ್ತಾರೆಂದುಕೊಂಡಿದ್ದರು. ಆಮೇಲೆ ಅಣೆಕಟ್ಟಿನವರ ಕಡೆಯವರೆಂದರು. ಈಗ, ಇವರ ಬೆನ್ನಿಗೇ ನೀರಿಗೆ ಮೀಟರ್ ಹಾಕುವವರು ಬರುತ್ತಾರೆ ಎಂಬ ಗುಮಾನಿ ಇದೆ. ಬಲೆ ಹಿಂಡಿ, ಸಿಕ್ಕಿದ್ದನ್ನು ಸ್ಪಿರಿಟ್ ತುಂಬಿದ ಸೀಸೆಗೆ ಸುರಿಯುತ್ತ ನೂಬಿಯಾ ನಗುತ್ತಾರೆ. "ಅನುಮಾನ ಪಡಲಿ ಬಿಡಿ. ನನ್ನ ಕೆಲಸವೂ ಅದೇ ತಾನೆ."

ಐವತ್ತೆಂಟು ವರ್ಷದ ನೂಬಿಯಾ, ಮನಿಸಾಲೆಸ್ ನಗರದ ವಿಶ್ವವಿದ್ಯಾಲಯವೊಂದರ ಕೀಟ ಸಂಗ್ರಹಾಲಯದಲ್ಲಿ ಹುಳುಗಳನ್ನು ಸೂಜಿಗೆ ಏರಿಸುವ ಕೆಲಸಗಾರ್ತಿ. ವಾರಕ್ಕೊಂದು ದಿನ ತೊರೆ, ಉಳಿದ ದಿನ ಕೋಣೆ. ನೀರುಹುಳುಗಳು ಸೀಸೆಗೆ ಹೋಗುತ್ತವೆ, ಗಿಡದೆಲೆಯ ರಸ ಹೀರುವ ಜಿಗಿಹುಳುಗಳು ಸೂಜಿಗೆ. ದಿನಕ್ಕೆ ಅರವತ್ತು ಜಿಗಿಹುಳು, ಮೋಡ ಕವಿದ ದಿನ ನಲವತ್ತು. ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕದು. ಮೂರು ಮೂಲೆಯ ಕಾಗದದ ಚೂರಿನ ತುದಿಗೆ ಅಂಟಿನ ಒಂದು ಬೊಟ್ಟು, ಬೊಟ್ಟಿನ ಮೇಲೆ ಹುಳು, ಕಾಗದದ ಬುಡಕ್ಕೆ ಸೂಜಿ. ಸೂಜಿಯಲ್ಲಿ ಹುಳುವಿನ ಕೆಳಗೆ ಚೀಟಿಗಳು: ಎಲ್ಲಿ ಸಿಕ್ಕಿತು, ಯಾವತ್ತು, ಯಾರ ಕೈಗೆ. ಒಮ್ಮೆ ಏರಿದ ಚೀಟಿಯನ್ನು ತೆಗೆಯುವಂತಿಲ್ಲ. ತಪ್ಪಿದ್ದರೂ ಅದು ಅಲ್ಲೇ ಇರಬೇಕು. ತಿದ್ದುಪಡಿಯನ್ನು ಇನ್ನೊಂದು ಚೀಟಿಯಲ್ಲಿ ಬರೆದು ಕೆಳಗೆ ಏರಿಸಬೇಕು. ಸಂಗ್ರಹಾಲಯದ ಕಟ್ಟಳೆ ಅದು.

ಇಪ್ಪತ್ತೇಳನೆಯ ವಯಸ್ಸಿನವರೆಗೆ ಅವರು ಕಾಫಿ ಗಿರಣಿಯಲ್ಲಿ ಬೀಜ ಆರಿಸುತ್ತಿದ್ದವರು. ತಾಯಿ ಒತಿಲಿಯಾ, ಊರಿಗೆಲ್ಲ ಡೋನ್ಯಾ ಒತಿಲಿಯಾ, ಕೂಡ ಅದೇ ಮೇಜಿನವರು. ಸಾಲಾಗಿ ಕೂತ ಹೆಂಗಸರ ಮುಂದೆ ಬೀಜ ಹರಿದು ಹೋಗುತ್ತಿತ್ತು. ಕಪ್ಪಾದದ್ದು, ತೂತು ಬಿದ್ದದ್ದು, ಹುಳಿತದ್ದು ಕಣ್ಣಿಗೆ ಬಿದ್ದೊಡನೆ ಬೆರಳು ಎತ್ತಿಕೊಳ್ಳಬೇಕು. ಗಿರಣಿಗೆ ಆರಿಸುವ ಯಂತ್ರ ಬಂದ ವರ್ಷ, ಹೊಸ ಕಣ್ಣುಗಳನ್ನು ಹುಡುಕುತ್ತ ಅಲ್ಲಿಗೆ ಬಂದವರು ಪ್ರೊಫೆಸರ್ ಗಿಲ್ದಾರ್ದೊ ಓಸಾ. "ಒಳ್ಳೆಯದನ್ನ ಗುರುತಿಸೋರು ಬೇಡ, ಕೆಟ್ಟದ್ದನ್ನ ಗುರುತಿಸೋರು ಬೇಕು ಅಂದ್ರು," ಎಂದು ನೂಬಿಯಾ ನೆನೆಯುತ್ತಾರೆ. "ಅಮ್ಮ ಹೇಳಿದ್ಳು, ಹಾಗಾದ್ರೆ ಇವಳನ್ನೇ ಕರ್ಕೊಂಡು ಹೋಗಿ, ಇವಳು ಪಾದ್ರಿ ಕೊಟ್ಟ ಚಿಲ್ಲರೆಯನ್ನೂ ಎಣಿಸ್ತಾಳೆ ಅಂತ."

ಓಸಾ ಅವರ ಮೂವತ್ತು ವರ್ಷದ ಹುಡುಕಾಟ ಒಂದೇ: ಈ ಬೆಟ್ಟಸಾಲಿನ ಜಿಗಿಹುಳುಗಳಲ್ಲಿ ಯಾವುದು ಯಾವುದರಿಂದ ಕವಲೊಡೆಯಿತು? ಮೇಲ್ನೋಟಕ್ಕೆ ಎಲ್ಲವೂ ಒಂದೇ ತಾಯಿಯ ಮಕ್ಕಳಂತಿರುತ್ತವೆ. ಗಂಡು ಹುಳುವಿನ ಹೊಟ್ಟೆಯ ತುದಿಯನ್ನು ಕತ್ತರಿಸಿ, ಕ್ಷಾರದಲ್ಲಿ ಕುದಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಜಾತಿ ಬಯಲಾಗುವುದು. ಆ ತುದಿಯನ್ನು ಆಮೇಲೆ ಗ್ಲಿಸರಿನ್ ಹನಿಯಲ್ಲಿ ಕಡ್ಡಿಯಷ್ಟು ತೆಳುವಾದ ಪುಟ್ಟ ಸೀಸೆಗೆ ಹಾಕಿ, ಅದೇ ಹುಳುವಿನ ಸೂಜಿಗೇ ಸಿಕ್ಕಿಸುತ್ತಾರೆ. ತಪ್ಪು ತುದಿ ತಪ್ಪು ಸೂಜಿಗೆ ಹೋದರೆ, ವಂಶವೃಕ್ಷದಲ್ಲಿ ದೇವರು ಹುಟ್ಟಿಸದ ಕೊಂಬೆಯೊಂದು ಹುಟ್ಟಿಬಿಡುತ್ತದೆ.

ಕಳೆದ ಆಗಸ್ಟಿನಲ್ಲಿ ಓಸಾ ಒಂದು ಸೂಜಿ ಹಿಡಿದು ನೂಬಿಯಾ ಅವರ ಮೇಜಿಗೆ ಬಂದರು. ಹತ್ತೊಂಬತ್ತು ವರ್ಷದ ಹಿಂದೆ ಲಾ ಕ್ರಿಸ್ತಲಿನಾದ ದಡದ ಬಿದಿರಿನಲ್ಲಿ ಅವರಿಗೇ ಸಿಕ್ಕಿದ್ದ ಹಸಿರು ಜಿಗಿಹುಳು. ಅಂಥ ದೇಹಕ್ಕೆ ಅಂಥ ತುದಿ ಲೋಕದಲ್ಲಿ ಬೇರೆಲ್ಲೂ ಇಲ್ಲ, ಹೊಸ ಜಾತಿ. ಅದಕ್ಕೆ ನೂಬಿಯಾ ಎಂದೇ ಹೆಸರಿಡುವುದಾಗಿ ಅವರು ಹೇಳಿದರು. ಹೊಸ ಜಾತಿಯ ಮೊದಲ ಹುಳುವಿಗೆ ಕೆಂಪು ಚೀಟಿ ಏರಿಸುವುದು ವಾಡಿಕೆ. ಅದನ್ನು ಬರೆದಿಡಿ ಎಂದು ಹೇಳಿ ಹೋದರು. ಮೂವತ್ತೊಂದು ವರ್ಷದಲ್ಲಿ ನೂರಾ ಹನ್ನೆರಡು ಕೆಂಪು ಚೀಟಿ ಬರೆದ ಕೈ ಅದು. ತನ್ನದೇ ಹೆಸರಿನದು ಮೊದಲ ಸಲ.

ಡೋನ್ಯಾ ಒತಿಲಿಯಾಗೆ ಈಗ ಎಂಬತ್ತನಾಲ್ಕು. ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ ಇಡೀ ಚರ್ಚಿಗೆ ಸುದ್ದಿ ಗೊತ್ತಾಗಿತ್ತು. "ನನ್ನ ಮಗಳ ಹೆಸರು ಪುಸ್ತಕದಲ್ಲಿ ಬರುತ್ತೆ, ಲ್ಯಾಟಿನ್‌ನಲ್ಲಿ. ಸಂತರಿಗೆ ಬಂದ ಹಾಗೆ."

ಸೋಮವಾರ ಕೆಂಪು ಚೀಟಿ ಸಿದ್ಧವಾಯಿತು. ಏರಿಸುವ ಮೊದಲು ನೂಬಿಯಾ ಹುಳುವನ್ನು ಇನ್ನೊಮ್ಮೆ ಕಣ್ಣಿಗೆ ಹಿಡಿದರು. ಯಾರೂ ಹೇಳಿರಲಿಲ್ಲ. "ಬೀಜ ಆರಿಸೋ ಚಟ," ಎನ್ನುತ್ತಾರೆ. ಹೊಟ್ಟೆಯ ಉಂಗುರಗಳನ್ನು ಜಪಮಣಿಯಂತೆ ಎಣಿಸಿದರು. ದೇಹದಲ್ಲಿ ಉಳಿದವು ನಾಲ್ಕು. ಸೀಸೆಯಲ್ಲಿದ್ದ ತುದಿಯೂ ನಾಲ್ಕನೆಯ ಉಂಗುರದಿಂದಲೇ ಶುರುವಾಗುತ್ತಿತ್ತು. ಒಂದು ಉಂಗುರ ಹೆಚ್ಚು.

"ಒಂದೇ ಹುಳಕ್ಕೆ ನಾಲ್ಕನೇ ಉಂಗುರ ಎರಡು ಸಲ ಇರೋಕಾಗುತ್ತಾ? ದೇಹ ಒಬ್ಬಂದು, ತುದಿ ಇನ್ನೊಬ್ಬಂದು."

ಅಂದಿನಿಂದ ಮೂರು ದಿನ ಅವರಿಗೆ ಅನ್ನ ರುಚಿಸಲಿಲ್ಲ. ಮೊದಲ ಗುಮಾನಿ ಫೆರ್ನೆಯ್ ಮೇಲೆ ಹೋಯಿತು. ಹಿಂದೆ ಓಸಾ ಅವರ ವಿದ್ಯಾರ್ಥಿಯಾಗಿದ್ದು, ಈಗ ಪೆರೈರಾ ನಗರದಲ್ಲಿ ಕೃಷಿ ಅಧಿಕಾರಿಯಾಗಿರುವಾತ. ಈ ಹುಳುವಿದ್ದ ಪೆಟ್ಟಿಗೆಯನ್ನು ಒಮ್ಮೆ ಎರವಲು ಒಯ್ದಿದ್ದನೆಂದು ಅವರ ನೆನಪು. ಚಿಮಟ ಹಿಡಿದರೆ ಏನನ್ನಾದರೂ ಬೀಳಿಸುತ್ತಿದ್ದ. ನೂಬಿಯಾ ಫೋನ್ ಮಾಡಿದರು.

"ಫೆರ್ನೆಯ್, ನಿಜ ಹೇಳಿ. ಸೀಸೆ ಬೀಳಿಸಿದ್ರಾ?"

"ಡೋನ್ಯಾ ನೂಬಿಯಾ, ನಿಮ್ಮ ಸೀಸೆ ಮುಟ್ಟೋಷ್ಟು ಧೈರ್ಯ ನನಗೆಲ್ಲಿತ್ತು? ನಿಮ್ಮ ಕುರ್ಚಿ ಮೇಲೆ ಕೂರೋಕೇ ಹೆದರ್ತಿದ್ದೆ."

ನಂಬಲಿಲ್ಲ. ಎರವಲಿನ ಪುಸ್ತಕ ತೆಗೆದು ನೋಡಿದರೆ ಫೆರ್ನೆಯ್ ಒಯ್ದದ್ದು ಪಕ್ಕದ ಪೆಟ್ಟಿಗೆ. ಆಮೇಲೆ ಗುಮಾನಿ ಹೋಗಿದ್ದು ಕೋಣೆ ಗುಡಿಸುವವರ ಮೇಲೆ, ಹೊರದೇಶದಿಂದ ಬಂದುಹೋದ ಅತಿಥಿಯ ಮೇಲೆ. ಒಂದು ಮಧ್ಯಾಹ್ನ ಓಸಾ ಅವರ ಮೇಲೂ ಹೋಯಿತೆಂದು ಅವರು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. ಕೊನೆಗೆ ತಮ್ಮದೇ ಕೆಲಸದ ಹಳೆಯ ನೋಟುಪುಸ್ತಕ ಬಿಚ್ಚಿದರು. ಹತ್ತೊಂಬತ್ತು ವರ್ಷದ ಹಿಂದಿನ ಮಾರ್ಚ್, ಗುರುವಾರ. ಒಂದರಿಂದ ಹನ್ನೆರಡರವರೆಗಿನ ಹುಳುಗಳ ತುದಿಗಳು ಹನ್ನೆರಡು ಗುಳಿಯ ಗಾಜಿನ ತಟ್ಟೆಯಲ್ಲಿ. ಕೆಳಗೆ ಅವರದೇ ಕೈಬರಹ: 'ಹತ್ತೂ ನಲವತ್ತಕ್ಕೆ ಭೂಮಿ ನಡುಗಿತು. ತಟ್ಟೆ ಎತ್ತಿಕೊಂಡು ಬಾಗಿಲಲ್ಲಿ ನಿಂತೆ. ಆಮೇಲೆ ಸರಿಯಾಗಿ ಇಟ್ಟೆ.'

ಆ ಊರಿನಲ್ಲಿ ಭೂಮಿ ನಡುಗುವುದು ಹೊಸದಲ್ಲ. ಜನ ಮಗುವನ್ನು ಎತ್ತಿಕೊಂಡು ಬಾಗಿಲ ಚೌಕಟ್ಟಿಗೆ ಓಡುತ್ತಾರೆ; ನೂಬಿಯಾ ತಟ್ಟೆ ಎತ್ತಿಕೊಂಡು ಓಡಿದ್ದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಆದರೆ ತಟ್ಟೆಗೆ ಆಗ ಹಿಂದು ಮುಂದಿನ ಗುರುತಿರಲಿಲ್ಲ. ಎರಡು ಸಾಲು, ಸಾಲಿಗೆ ಆರು ಗುಳಿ. ತಿರುಗಿಸಿ ಇಟ್ಟರೆ ಒಂದನೆಯದು ಹನ್ನೆರಡಾಗುತ್ತದೆ, ಮೂರನೆಯದು ಹತ್ತಾಗುತ್ತದೆ. ಹೊಸ ಜಾತಿಯ ಹುಳು ಮೂರನೆಯದು. ಯಾರೂ ಮುಟ್ಟದೆ, ಹೆಸರಿಲ್ಲದವುಗಳ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹತ್ತನೆಯದನ್ನು ತೆಗೆದು ಎಣಿಸಿದರು. ಅಲ್ಲಿ ಒಂದು ಉಂಗುರ ಕಡಿಮೆ. ತುದಿಗಳನ್ನು ಅದಲುಬದಲು ಮಾಡಿ ಇಟ್ಟು ನೋಡಿದರು. ಎರಡೂ ಹುಳುಗಳು ಮೊದಲೇ ಹೆಸರಿದ್ದ, ಎಲ್ಲರೂ ಬಲ್ಲ ಜಾತಿಗಳಾದವು.

ಆ ಸಂಜೆ ಬೆಲ್ಲದ ನೀರು ಕಾಯಿಸಿ ಕೊಡುತ್ತ ತಾಯಿಗೆ ವಿಷಯ ಹೇಳಿದರು. ಡೋನ್ಯಾ ಒತಿಲಿಯಾ ಲೋಟ ಕೆಳಗಿಟ್ಟರು.

"ಪ್ರೊಫೆಸರ್‌ಗೆ ಹೇಳಿದೀಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸುಮ್ಮನಿರು. ಹುಳದ ಹೊಟ್ಟೆಯ ಉಂಗುರ ಯಾರು ಎಣಿಸ್ತಾರೆ?"

"ನಾನು ಎಣಿಸ್ತೀನಮ್ಮ."

ಮುದುಕಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, "ಚರ್ಚಿನಲ್ಲಿ ನೀನೇ ಹೇಳ್ಕೋ. ನಾನಂತೂ ಬಾಯಿ ಬಿಡಲ್ಲ," ಎಂದರು.

ಮರುದಿನ ಬೆಳಿಗ್ಗೆ ಎರಡು ಸೂಜಿಗಳನ್ನೂ ಓಸಾ ಅವರ ಮುಂದಿಟ್ಟರು. ಅವರು ಕನ್ನಡಕವನ್ನು ಹಣೆಗೇರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು. "ನೂಬಿಯಾ, ಇದನ್ನ ನೀವು ಹೇಳದೇ ಇದ್ದಿದ್ರೆ ನಾವಿಬ್ಬರೂ ಸತ್ತು ನೂರು ವರ್ಷ ಆದ್ಮೇಲೂ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಸೂಜಿಗೆ ಗೊತ್ತಿತ್ತಲ್ಲ, ಪ್ರೊಫೆಸರ್."

ಓಸಾ ಬರೆದಿಟ್ಟಿದ್ದ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಮೂವತ್ತು ವರ್ಷದ ವಂಶವೃಕ್ಷದಿಂದ ಒಂದು ಕೊಂಬೆ ಉದುರಿತು. ಆ ದಿನದ ಹನ್ನೆರಡೂ ಹುಳುಗಳನ್ನು ನೂಬಿಯಾ ಮತ್ತೆ ಜೋಡಿಸಿದರು. ಅವರ ಗಾಜಿನ ತಟ್ಟೆಯ ಒಂದು ಮೂಲೆಯಲ್ಲಿ ಈಗ ಉಗುರುಬಣ್ಣದ ಕೆಂಪು ಚುಕ್ಕೆಯಿದೆ.

ಸಂಗ್ರಹಾಲಯದಲ್ಲಿ ಮೂರು ಲಕ್ಷ ಎಂಬತ್ತು ಸಾವಿರ ಜಿಗಿಹುಳುಗಳಿವೆ. ಅರ್ಧಕ್ಕೂ ಹೆಚ್ಚು ನೂಬಿಯಾ ಒಬ್ಬರೇ ಏರಿಸಿದ್ದು. ಗೋಡೆಯಲ್ಲಿ ಅವರ ಹೆಸರಿನ ಫಲಕವಿಲ್ಲ. ಕಾವಲುಗಾರ ಇವತ್ತಿಗೂ ಅವರ ಚೀಲದಿಂದ ಬರುವ ಸ್ಪಿರಿಟ್ ವಾಸನೆಗೆ ಮೂಗರಳಿಸಿ, "ಇಷ್ಟು ಬೆಳಿಗ್ಗೇನೇ ಶುರುವಾ, ಡೋನ್ಯಾ?" ಎಂದು ಕೆಣಕುತ್ತಾನೆ.

ನೂಬಿಯಾ ಚರ್ಚಿನಲ್ಲಿ ತಾವೇ ಹೇಳಿಕೊಂಡ ಸುದ್ದಿ ತೊರೆಯ ದಡದ ಡಾನ್ ಎವೆಲಿಯೊಗೂ ಹೇಗೋ ತಲುಪಿದೆ. ಸೀಸೆಗಳನ್ನು ಚೀಲಕ್ಕೆ ಸೇರಿಸುತ್ತಿರುವ ನೂಬಿಯಾ ಹತ್ತಿರ ಬಂದು ಕೂರುತ್ತಾರೆ. ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಬಾಳೆಲೆಯಲ್ಲಿ ಸುತ್ತಿದ ಅರೆಪಾ ರೊಟ್ಟಿಯನ್ನು ಮುರಿದು ಅರ್ಧ ಕೊಡುತ್ತಾರೆ.

"ನಿಮ್ಮ ಹೆಸರನ್ನ ನೀವೇ ಅಳಿಸಿಕೊಂಡ್ರಂತೆ?"

"ಅದು ನನ್ನ ಹುಳ ಆಗಿರಲಿಲ್ಲ."

"ಹೂಂ. ಅಂದ್ರೆ ನೀವು ಬರೋದು ನಿಜವಾಗ್ಲೂ ಹುಳಕ್ಕೇನಾ?" ಅವರು ರೊಟ್ಟಿ ಅಗಿಯುತ್ತ ದಾರಿಯ ಕಡೆ ನೋಡುತ್ತಾರೆ. "ಆದರೂ ಮುಂದಿನ ವಾರ ಬಂದು ನೋಡ್ತೀನಿ."

ಆ ಮೂರನೆಯ ಹುಳು ಈಗಲೂ ಪೆಟ್ಟಿಗೆಯಲ್ಲಿದೆ. ಹಳೆಯ ಮೂರು ಚೀಟಿಗಳು ಹಾಗೇ ಇವೆ. ಅವುಗಳ ಕೆಳಗೆ ನಾಲ್ಕನೆಯದೊಂದು ಏರಿದೆ. ಅದು ಕೆಂಪಲ್ಲ, ಬಿಳಿ: 'ಹತ್ತೊಂಬತ್ತು ವರ್ಷ ಇಲ್ಲಿದ್ದ ತುದಿ ಹತ್ತನೆಯ ಹುಳುವಿನದು. ತಟ್ಟೆ ತಿರುಗಿಸಿಟ್ಟವಳು ನಾನು. ಸರಿಪಡಿಸಿದೆ. ನೂಬಿಯಾ ಗ್ರಹಾಲೆಸ್.' ಮೂವತ್ತೊಂದು ವರ್ಷದಲ್ಲಿ ಅವರ ಪೂರ್ತಿ ಹೆಸರಿರುವ ಚೀಟಿ ಇದೊಂದೇ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ನೂಬಿಯಾ ಪೆಟ್ಟಿಗೆಯ ಮುಚ್ಚಳ ಹಾಕುತ್ತ ಹೇಳುತ್ತಾರೆ.

"ನೂರು ವರ್ಷ ಆದ್ಮೇಲೆ ಯಾರೋ ಆ ಪೆಟ್ಟಿಗೆ ತೆಗೀತಾರೆ. ನನ್ನ ಚೀಟಿ ಓದ್ತಾರೆ. ಓದಿ ನಂಬಿಬಿಡಬಾರದು. ಕೂತು ಎಣಿಸಲಿ."